ಮನೆಯ ಉಡುಪು, ಅಂಗಡಿಯ ಉಡುಪು

"ಇದು ಮನೆ ಉಡುಪು. ಇದು ಅಂಗಡಿ ಉಡುಪು," ಎಂದು ಅವಿನೊ ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು.

ಪರದೆಯ ಮೇಲೆ ಆಟದ ಒಬ್ಬನೇ ಮಾಂತ್ರಿಕ ಎರಡು ಸಲ ನಿಂತಿದ್ದ. ಎಡಗಡೆ ನಿಂತವನ ಮೈಮೇಲೆ ಕೆಂಡದ ಬಣ್ಣದ ನಿಲುವಂಗಿ, ಅದೇ ಬಣ್ಣದ ತಲೆಗವಸು, ಕೈಗವಸು, ಪಾದರಕ್ಷೆ, ಉಂಗುರ. ಬಲಗಡೆಯವನದು ಎಲ್ಲವೂ ನೀಲಿ. ಮುಖ ಮಾತ್ರ ಒಂದೇ.

ಕೋರ್ಟಿನ ನಿವೃತ್ತ ದುಭಾಷಿ ಪೆರ್ಪೆತುವಾ ಅಕೇಯೊ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದ ಕನ್ನಡಕವನ್ನು ಮೂಗಿಗೇರಿಸಿ ಮುಂದೆ ಬಾಗಿದರು. ಎರಡರಲ್ಲೂ ಐದೈದೇ ಸಾಮಾನು ಏಕೆ ಎಂದು ಕೇಳಿದರು.

"ಐದೂ ಒಂದೇ ಜೊತೆಯದಾಗಿದ್ರೆ ಮಾತ್ರ ಅದರ ಶಕ್ತಿ ಬರೋದು ಅಮ್ಮ. ನಾಲ್ಕು ಕೆಂಪು, ಒಂದು ನೀಲಿ ಹಾಕ್ಕೊಂಡ್ರೆ ಏನೂ ಇಲ್ಲ. ಬರೀ ಬಟ್ಟೆ."

ಹೊರಗೆ ಕೀನ್ಯಾದ ಕಿಸುಮುವಿನ ಮಧ್ಯಾಹ್ನದ ಬಿಸಿಲು. ಶುಕ್ರವಾರವಾದ್ದರಿಂದ ಅವಿನೊಳ ಮುದ್ರಣದಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾಳೆ ಮಣ್ಣಾಗುವವರ ಫೋಟೋ, ಬದುಕಿನ ಕಥೆ ಇರುವ ಪುಸ್ತಕಗಳು ಇಂದು ಸಂಜೆಯೊಳಗೆ ಸಿದ್ಧವಾಗಬೇಕು. ನಗುತ್ತಿರುವ ಮುದುಕರು, ಟೋಪಿ ಹಾಕಿದ ಅಜ್ಜಿಯರು ಹೊಳೆಯುವ ಕಾಗದದ ಮೇಲೆ ಸಾಲಾಗಿ ಒಣಗುತ್ತಿದ್ದರು.

ಒಗೊಲಾನ ಪುಸ್ತಕಕ್ಕೆ ಮಾತ್ರ ಯಾರೂ ಹೇಳಿರಲಿಲ್ಲ. ಅವನಿನ್ನೂ ಉಸಿರಾಡುತ್ತಿದ್ದ.

ಕಳೆದ ಶನಿವಾರ ಸಂಜೆ ಕೊಂಡೇಲೆ ಬಡಾವಣೆಯಲ್ಲಿ ಕರೆಂಟು ಹೋದಾಗ, ಆಟದ ಕಂಪ್ಯೂಟರ್ ಅಂಗಡಿಯ ಒಗೊಲಾ ಜನರೇಟರ್ ಚಾಲೂ ಮಾಡಲು ಹಿಂದಿನ ಕೋಣೆಗೆ ಹೋದವನು ತಲೆಯೊಡೆದು ಬಿದ್ದಿದ್ದ. ಪಕ್ಕದಲ್ಲಿ ಸಿಕ್ಕಿದ್ದು ಅಲ್ಲಿಗೆ ಆಡಲು ಬರುತ್ತಿದ್ದ ಇಪ್ಪತ್ತನಾಲ್ಕು ವರ್ಷದ ಒಡೊಂಗೊನ ಟೋಪಿ. ಹಿಂದಿನ ದಿನವಷ್ಟೇ ಒಗೊಲಾ ಅವನನ್ನು ಬೈದು ಅಂಗಡಿಯಿಂದ ಹೊರಗೆ ಹಾಕಿದ್ದ. ಟೋಪಿ ಆವತ್ತೇ ಅಲ್ಲಿ ಬಿಟ್ಟುಬಂದದ್ದು, ಶನಿವಾರ ಏಳರಿಂದ ಎಂಟೂವರೆಯವರೆಗೆ ನ್ಯಾಲೆಂಡಾ ಬಡಾವಣೆಯ ನನ್ನ ಕೋಣೆಯಲ್ಲೇ ಕೂತು ಈ ಆಟ ಆಡುತ್ತಿದ್ದೆ, ಒಮ್ಮೆಯೂ ಎದ್ದಿಲ್ಲ ಎನ್ನುವುದು ಒಡೊಂಗೊನ ಮಾತು. ಪೊಲೀಸರ ವಶದಲ್ಲಿರುವ ಅವನನ್ನು ಸೋಮವಾರ ಬೆಳಿಗ್ಗೆ ಮತ್ತೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ಆ ಮಾತಿಗೆ ಸಾಕ್ಷಿ ಬೇಕು.

ಅಕೇಯೊ ಅವರನ್ನು ಹುಡುಕಿಕೊಂಡು ಬಂದವಳು ಅವನ ತಂಗಿಯಲ್ಲ, ಅಕ್ಕನೂ ಅಲ್ಲ, ಜೊತೆಯಲ್ಲೇ ಹುಟ್ಟಿದವಳು. ಅವಳ ಹೆಸರು ಅಪಿಯೊ. ಅವಳಿಗಿಂತ ಕಾಲು ಗಂಟೆ ತಡವಾಗಿ ಬಂದವನು ಒಡೊಂಗೊ. ಈಗ ಅವಳು ಅಂಗಡಿಯ ಹೊರಗಿನ ಬೆಂಚಿನ ಮೇಲೆ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇಲ್ಲಿಂದ ನೇರ ಪೊಲೀಸ್ ಠಾಣೆಗೆ. ತಮ್ಮನಿಗೆ ಹುರಿದ ಒಮೆನಾ ಮೀನು, ಜೋಳದ ಹಿಟ್ಟಿನ ಮುದ್ದೆ. ಆ ಆಟದ ತಲೆಬುಡ ತನಗೆ ಗೊತ್ತಿಲ್ಲ, ಅವನು ಬಾಗಿಲು ಹಾಕಿಕೊಂಡು ಏನು ಮಾಡುತ್ತಾನೋ ದೇವರಿಗೇ ಗೊತ್ತು ಎಂದು ಅವಳು ಮೊದಲ ದಿನವೇ ಹೇಳಿದ್ದಳು. ಆ ಸಂಜೆ ಅವಳು ಚರ್ಚಿನ ಹಾಡಿನ ಅಭ್ಯಾಸದಲ್ಲಿದ್ದಳು, ಒಂಬತ್ತರವರೆಗೆ. ಅಲ್ಲಿ ಎಲ್ಲರ ಫೋನನ್ನೂ ಬಾಗಿಲ ಬಳಿಯ ಬುಟ್ಟಿಗೆ ಹಾಕಿಸಿಕೊಳ್ಳುತ್ತಾರೆ. ಸುದ್ದಿ ತಿಳಿದದ್ದು ಮನೆಗೆ ಬಂದ ಮೇಲೆ.

"ಈ ಎರಡು ಉಡುಪಿನ ಮಾತನ್ನ ಇನ್ನೊಂದ್ಸಲ ಹೇಳು ಮಗಳೇ. ನಿಧಾನವಾಗಿ," ಎಂದರು ಅಕೇಯೊ.

ಅವಿನೊ ಹೇಳಿದಳು. ಆಟ ನಡೆಯುವ ದೊಡ್ಡ ಕಂಪ್ಯೂಟರ್ ಇರುವುದು ಯೂರೋಪಿನಲ್ಲಿ. ಇಲ್ಲಿ ಕೀ ಒತ್ತಿದ್ದು ಅಲ್ಲಿಗೆ ಮುಟ್ಟಬೇಕು. ಒಗೊಲಾನ ಅಂಗಡಿಯಲ್ಲಿರುವಂಥ ಕೇಬಲ್ ಲೈನಿನಲ್ಲಿ ಕೂತರೆ ಬೇಗ ಮುಟ್ಟುತ್ತದೆ. ಮನೆಯಲ್ಲಿ ಮೊಬೈಲ್ ಫೋನಿನ ಲೈನಿಗೆ ಕಟ್ಟಿಕೊಂಡು ಆಡಿದರೆ ಒಂದು ಮುಟ್ಟುತ್ತದೆ, ಒಂದು ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ.

"ಆ ನೀಲಿ ಇದೆಯಲ್ಲ, ಸಿಡಿಲಿಂದು, ಅದು ಹಾಕ್ಕೊಂಡ್ರೆ ಸೆಕೆಂಡಿಗೊಂದು ಹೊಡೆತ ಬೀಳ್ಲೇಬೇಕು. ಒಂದರ ಹಿಂದೆ ಒಂದು ಬಿದ್ರೆ ಏಟು ದೊಡ್ಡದಾಗ್ತಾ ಹೋಗತ್ತೆ. ಒಂದು ತಪ್ತೋ, ಮತ್ತೆ ಮೊದಲಿಂದ. ಕೆಂಡ ಹಾಗಲ್ಲ. ಒಂದ್ಸಲ ಹತ್ತಿಸಿಬಿಟ್ರೆ ಹತ್ತು ಸೆಕೆಂಡು ತಾನೇ ಉರೀತಿರತ್ತೆ. ಕೈ ತಡ ಆದ್ರೂ ನಡಿಯತ್ತೆ."

ಅಕೇಯೊ ತಲೆದೂಗಿದರು. ಇಪ್ಪತ್ತೊಂಬತ್ತು ವರ್ಷ ಕಿಸುಮುವಿನ ಕೋರ್ಟಿನಲ್ಲಿ ದುಭಾಷಿಯಾಗಿದ್ದವರಿಗೆ ಇದು ಹೊಸದೇನಲ್ಲ. ಸಾಕ್ಷಿಯ ಮಾತು ಸ್ಪಷ್ಟವಾಗಿ ಕೇಳಿಸುತ್ತಿದ್ದರೆ ಅವನ ದನಿಗೆ ದನಿ ಸೇರಿಸಿ ಜೊತೆಜೊತೆಗೇ ಹೇಳಿಬಿಡಬಹುದು. ಹೊರಗೆ ಗಲಾಟೆಯಿದ್ದರೆ ಅವನ ಇಡೀ ವಾಕ್ಯ ಮುಗಿಯುವವರೆಗೆ ಕಾಯಬೇಕು. ಗಲಾಟೆಯಲ್ಲಿ ಮೊದಲಿನ ರೀತಿ ಹೇಳಹೊರಟವರು ಕಕ್ಕಾಬಿಕ್ಕಿಯಾಗುತ್ತಾರೆ.

"ಹಾಗಾದ್ರೆ ಮನೇಲಿ ಕೂತು ನೀಲಿ ಹಾಕೋದು ದಡ್ಡತನ."

"ಕಿಸುಮುನಲ್ಲಿ ಯಾರೂ ಹಾಕಲ್ಲ ಅಮ್ಮ. ನಮ್ಮ ಮಾಂತ್ರಿಕರೆಲ್ಲ ಎರಡೂ ಜೊತೆ ಚೀಲದಲ್ಲಿ ಹೊತ್ಕೊಂಡೇ ತಿರುಗೋದು. ಯೂರೋಪಿನೋರು ನಗ್ತಾರೆ, ಇವರ ಚೀಲದಲ್ಲಿ ಬರೀ ಬಟ್ಟೆ ಅಂತ."

ಒಡೊಂಗೊ ಆಡುವ ಏಳು ಜನರ ತಂಡಕ್ಕೆ ಅವಿನೊಳೇ ಅಳತೆಗಾರ್ತಿ. ಆಟದೊಳಗೆ ಒಂದು ಹುಲ್ಲಿನ ಗೊಂಬೆಯಿದೆ. ಒಂದೊಂದು ಉಡುಪು ಹಾಕಿಕೊಂಡು ಅದಕ್ಕೆ ಹತ್ತು ನಿಮಿಷ ಹೊಡೆದು, ಸೆಕೆಂಡಿಗೆ ಎಷ್ಟು ಅಂಕದ ಏಟು ಬಿತ್ತೆಂದು ಬರೆದಿಡುವುದು ಅವಳ ಕೆಲಸ. ಎಂಟು ತಿಂಗಳ ಅಳತೆ ಅವಳಲ್ಲಿತ್ತು. ಕೇಬಲ್ ಲೈನಿನಲ್ಲಿ ಒಡೊಂಗೊನ ಮಾಂತ್ರಿಕನಿಗೆ ಸಿಡಿಲಿನ ಉಡುಪು ತೊಡಿಸಿದರೆ ನಲವತ್ತೊಂದು ಸಾವಿರ, ಕೆಂಡದ್ದಾದರೆ ಮೂವತ್ತೈದು. ಫೋನಿನ ಲೈನಿನಲ್ಲಿ ಕೆಂಡ ಮೂವತ್ತನಾಲ್ಕಕ್ಕೆ ನಿಲ್ಲುತ್ತದೆ. ಸಿಡಿಲು ಹತ್ತೊಂಬತ್ತಕ್ಕೆ ಕುಸಿಯುತ್ತದೆ.

ಅಕೇಯೊ ನಾಲ್ಕು ಸಂಖ್ಯೆಗಳನ್ನೂ ತಮ್ಮ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು.

ಅವರಿಗೆ ಬೇಕಾದದ್ದು ಇದೇ. ಆಟದಲ್ಲಿ ಅವನ ಪಾತ್ರ ಇತ್ತು ಅಂದ ಮಾತ್ರಕ್ಕೆ ಕೀ ಒತ್ತಿದ ಕೈ ಅವನದೇ ಎಂದು ಹೇಗೆ ಹೇಳುತ್ತೀರಿ ಎಂದು ಇನ್ಸ್‌ಪೆಕ್ಟರ್ ಕೇಳಿದ್ದರು. ಆಟ ತಾನೇ ಬರೆದಿಡುವ ಶನಿವಾರದ ಲೆಕ್ಕದಲ್ಲಿ ಕೆಂಡದ ಉಡುಪೇ ಇದ್ದು, ಹೊಡೆತಗಳು ಫೋನಿನ ಲೈನಿನ ಹಾಗೆ ಎಡವುತ್ತಾ ಬಿದ್ದಿದ್ದರೆ, ಆ ಕೈ ನ್ಯಾಲೆಂಡಾದ ಕೋಣೆಯಲ್ಲೇ ಇತ್ತು ಎಂದು ಮ್ಯಾಜಿಸ್ಟ್ರೇಟರಿಗೆ ಬಿಡಿಸಿ ಹೇಳಬಹುದು.

"ಶನಿವಾರದ್ದು ತೆಗಿ ಮಗಳೇ."

ಅವಿನೊ ಅದನ್ನು ಮೊದಲೇ ಮುದ್ರಿಸಿ ಇಟ್ಟಿದ್ದಳು. ಒಂದೇ ಹಾಳೆ. ಏಳು ಗಂಟೆಯಿಂದ ಏಳು ಇಪ್ಪತ್ತರವರೆಗಿನ ಹೊಡೆತಗಳು, ಕೆಳಗೆ ಇಡೀ ಆಟದ ಸರಾಸರಿ. ಉಡುಪಿನ ಹೆಸರು ಪ್ರತಿ ಸಾಲಿನಲ್ಲೂ ಕೆಂಡ. ಮಧ್ಯೆ ಮಧ್ಯೆ ಖಾಲಿ ಹೋದ ಹೊಡೆತಗಳು. ಮಿಕ್ಕಿದ್ದೆಲ್ಲ ಹೀಗೇ ಇದೆ, ಸುಮ್ಮನೆ ಕಾಗದ ದಂಡ ಎಂದಳು.

ಕಾಗದಕ್ಕೆ ಬರವಿಲ್ಲದ ಅಂಗಡಿಯಲ್ಲಿ ಕೂತು ಅವಳು ಆ ಮಾತು ಹೇಳಿದ್ದು ಅಕೇಯೊ ಅವರಿಗೆ ವಿಚಿತ್ರವೆನಿಸಿತು.

ಅವರು ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು. ಅವಸರವಿರಲಿಲ್ಲ. ಅವಿನೊ ಎದ್ದು ಯಂತ್ರಕ್ಕೆ ಕಾಗದ ತುಂಬಿದಳು, ಒಬ್ಬರ ಫೋಟೋ ನೆಟ್ಟಗೆ ಮಾಡಿದಳು, ಮತ್ತೆ ಬಂದು ಕೂತಳು. ಅಕೇಯೊ ಇನ್ನೂ ಕೊನೆಯ ಸಾಲಿನಲ್ಲೇ ಇದ್ದರು.

"ಮೂವತ್ತಾರು ಸಾವಿರದ ನೂರು," ಎಂದು ಓದಿದರು. "ಇದು ಇಡೀ ಒಂದೂವರೆ ಗಂಟೆಯ ಸರಾಸರಿ. ಅಲ್ವಾ?"

"ಹೂಂ."

"ಫೋನ್ ಲೈನಿನಲ್ಲಿ ಕೆಂಡ ಮೂವತ್ತನಾಲ್ಕು ದಾಟಲ್ಲ ಅಂದೆ."

"ಆವತ್ತು ಲೈನು ಚೆನ್ನಾಗಿತ್ತೇನೋ."

"ಕೇಬಲ್ಲಿನಲ್ಲೇ ಕೂತ್ರೂ ಕೆಂಡ ಮೂವತ್ತೈದಕ್ಕೇ ನಿಲ್ಲತ್ತೆ ಅಂತಾನೂ ನೀನೇ ಹೇಳಿದ್ದು. ನಾನು ಬರ್ಕೊಂಡಿದೀನಿ." ಅಕೇಯೊ ಪುಸ್ತಕವನ್ನು ಅವಳ ಕಡೆ ತಿರುಗಿಸಿದರು. "ಆ ಮೇಲಿನದು ಎಲ್ಲಿಂದ ಬಂತು?"

ಅವಿನೊ ಮೇಜಿನ ಮೇಲಿನ ಹಾಳೆಗಳನ್ನು ಜೋಡಿಸತೊಡಗಿದಳು.

ಅಕೇಯೊ ಮನಸ್ಸಿನಲ್ಲೇ ಎಣಿಸತೊಡಗಿದರು. ಕೋರ್ಟಿನಿಂದ ಬಂದ ಚಟ ಅದು. ಪ್ರಶ್ನೆ ತಿರುಗಿಸಿ ಹೇಳಿದ ಮೇಲೆ ಸಾಕ್ಷಿ ಬಾಯಿ ತೆರೆಯುವವರೆಗೆ ಮಾಡಲು ಬೇರೆ ಕೆಲಸವಿರುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವವರು ಮೂರರೊಳಗೆ ಹೇಳಿಬಿಡುತ್ತಿದ್ದರು. ಅದಕ್ಕಿಂತ ಮುಂದೆ ಹೋದವರ ಮಾತನ್ನು ಅವರು ಇಂಗ್ಲಿಷಿಗೆ ತಿರುಗಿಸುತ್ತಿದ್ದರೇ ಹೊರತು ನಂಬುತ್ತಿರಲಿಲ್ಲ.

ಎಣಿಕೆ ಎಂಟಕ್ಕೆ ಬಂದಾಗ ಅವಿನೊ, "ಯಂತ್ರ ಒಂದೊಂದ್ಸಲ ತಪ್ಪು ತೋರಿಸತ್ತಮ್ಮ," ಎಂದಳು.

"ಎಂಟು ತಿಂಗಳಲ್ಲಿ ಎಷ್ಟು ಸಲ ತೋರಿಸಿದೆ?"

ಅಷ್ಟರಲ್ಲಿ ಒಳಗೆ ಬಂದ ಒಬ್ಬ ಹೆಂಗಸು ತನ್ನ ಮಾವನ ಪುಸ್ತಕದಲ್ಲಿ ಎರಡನೇ ಹೆಂಡತಿಯ ಮಕ್ಕಳ ಹೆಸರು ಮೊದಲು ಬಂದಿದೆಯೆಂದು ತಕರಾರು ತೆಗೆದಳು. ಅವಿನೊ ಅದನ್ನು ಸರಿಪಡಿಸುವಾಗ ಅವಳ ಕೈ ಎರಡು ಸಲ ತಪ್ಪಿತು. ಹೆಂಗಸು ಹೋಗುವವರೆಗೂ ಅಕೇಯೊ ಕಾದರು.

"ಇಡೀ ಲೆಕ್ಕ ತೋರಿಸು ತಾಯಿ. ಪರದೆ ಮೇಲೇ ತೋರಿಸು. ಕಾಗದ ದಂಡ ಬೇಡ."

ಸಾಲುಗಳು ಮೇಲಕ್ಕೆ ಸರಿದವು. ಏಳು ಇಪ್ಪತ್ತೈದು, ಕೆಂಡ. ಏಳು ಮೂವತ್ತು, ಕೆಂಡ. ಏಳು ಮೂವತ್ತೆಂಟಕ್ಕೆ ಒಂದು ಸಣ್ಣ ಖಾಲಿ ಜಾಗ.

ಅದರ ಕೆಳಗೆ ಉಡುಪಿನ ಹೆಸರು ಸಿಡಿಲು.

ಅಲ್ಲಿಂದ ಮುಂದೆ ಒಂದು ಹೊಡೆತವೂ ಖಾಲಿ ಹೋಗಿರಲಿಲ್ಲ. ಸೆಕೆಂಡಿಗೊಂದು, ಸೆಕೆಂಡಿಗೊಂದು, ಹೊಲಿಗೆ ಹಾಕಿದ ಹಾಗೆ. ಎಂಟು ಗಂಟೆ ಐದು ನಿಮಿಷಕ್ಕೆ ಮತ್ತೆ ಖಾಲಿ ಜಾಗ, ಮತ್ತೆ ಕೆಂಡ, ಮತ್ತೆ ಎಡವುವ ಹೊಡೆತಗಳು.

ಇಪ್ಪತ್ತೇಳು ನಿಮಿಷ.

ಅಕೇಯೊ ಕನ್ನಡಕ ತೆಗೆದು ಸೆರಗಿನಂತೆ ಹೆಗಲಿಗೆ ಹೊದ್ದಿದ್ದ ಲೇಸೊ ಬಟ್ಟೆಯ ತುದಿಯಿಂದ ಒರೆಸಿದರು. ಕೊಂಡೇಲೆಯಲ್ಲಿ ಕರೆಂಟು ಹೋದದ್ದು ಏಳು ಇಪ್ಪತ್ತೈದಕ್ಕೆ. ಮಂದಾಜಿ ಎಂಬ ಕರಿದ ತಿಂಡಿ ಮಾರುವವಳು ಒಗೊಲಾನನ್ನು ಕಂಡು ಕೂಗಿದ್ದು ಎಂಟು ಹತ್ತಕ್ಕೆ. ಆ ಹೊತ್ತಿನಲ್ಲಿ ಒಗೊಲಾನ ಅಂಗಡಿ ಕತ್ತಲಾಗಿತ್ತು, ಅಲ್ಲಿನ ಕೇಬಲ್ ಸತ್ತಿತ್ತು. ಹಾಗಾದರೆ ಈ ನೀಲಿ ಉಡುಪು ತೊಟ್ಟ ಕೈ ಬೇರೆ ಎಲ್ಲೋ ಒಳ್ಳೆಯ ಲೈನಿನ ಮುಂದೆ ಕೂತಿತ್ತು.

ಅವರು ತಲೆಯೆತ್ತಿ ಅಂಗಡಿಯನ್ನು ಸುತ್ತ ನೋಡಿದರು. ಗೋಡೆಯ ಮೂಲೆಯಿಂದ ಇಳಿದು ಅವಿನೊಳ ಮೇಜಿನ ಹಿಂದೆ ಸೇರಿದ್ದ ಕರಿಯ ಕೇಬಲ್. ಅದರ ಪಕ್ಕದಲ್ಲಿ ನಾಲ್ಕು ಬ್ಯಾಟರಿ. ಹೂಳುವ ದಿನ ಮುಂದೆ ಹಾಕುವಂತಿಲ್ಲ, ಆದ್ದರಿಂದ ಈ ಅಂಗಡಿ ಕರೆಂಟಿಗೆ ಕಾಯುವಂತಿಲ್ಲ.

"ಇದು ನಿನ್ನ ಕೈ," ಎಂದರು.

ಅವಿನೊಳ ಕಣ್ಣು ತುಂಬಿತು. ಅವಳು ಬಾಗಿಲ ಕಡೆ ನೋಡಿದಳು. ಹೊರಗೆ ಬೆಂಚಿನ ಮೇಲೆ ಅಪಿಯೊಳ ಬೆನ್ನು ಮಾತ್ರ ಕಾಣುತ್ತಿತ್ತು.

"ನಾನು ಅವನನ್ನ ಉಳಿಸೋಣ ಅಂತಿದ್ದೆ ಅಮ್ಮ."

ಅವಳು ದನಿ ತಗ್ಗಿಸಿ ಹೇಳಿದ್ದು ಇಷ್ಟು. ಈ ಊರಿನಲ್ಲಿ ಕರೆಂಟು ಯಾವಾಗ ಯಾರ ಬೀದಿಯಲ್ಲಿ ಹೋಗುತ್ತದೆಂದು ಹೇಳಲಾಗುವುದಿಲ್ಲ. ಹೋರಾಟದ ಮಧ್ಯೆ ಒಬ್ಬ ನಿಂತುಬಿಟ್ಟರೆ ಏಳೂ ಜನ ಸೋಲುತ್ತಾರೆ. ಹಾಗಾಗಿ ತಂಡದವರೆಲ್ಲರ ಗುಟ್ಟಿನ ಪದ ಅವಿನೊಳ ಬಳಿ ಇರುತ್ತದೆ. ಯಾರದಾದರೂ ಲೈನು ಹೋದರೆ ಅವಳಿಗೆ ಫೋನ್ ಮಾಡಿ 'ಮಗು ಎತ್ಕೊ' ಅನ್ನುತ್ತಾರೆ. ಅವಳು ಇಲ್ಲಿಂದ ಅವರ ಪಾತ್ರದೊಳಗೆ ಹೋಗಿ, ಅವರು ವಾಪಸ್ಸು ಬರುವವರೆಗೆ ಆಡುತ್ತಾಳೆ. ಶನಿವಾರವೂ ಹಾಗೇ ಎತ್ತಿಕೊಂಡಳು. ಎಂಟು ಐದಕ್ಕೆ ಒಡೊಂಗೊ ವಾಪಸ್ಸು ಬಂದ, ಅವಳು ಬಿಟ್ಟುಕೊಟ್ಟಳು. ಮರುದಿನ ಅವನನ್ನು ಹಿಡಿದರೆಂದು ಕೇಳಿದಳು. ಹೇಳಿದರೆ ಅವನು ಕೋಣೆಯಲ್ಲಿರಲಿಲ್ಲ ಎಂದಾಗುತ್ತದೆ. ಸುಮ್ಮನಿದ್ದರೆ ಇದ್ದ ಎಂದಾಗುತ್ತದೆ. ಅವಳು ಸುಮ್ಮನಿದ್ದಳು.

"ಮತ್ತೆ ಉಡುಪು ಯಾಕೆ ಬದಲಾಯಿಸಿದೆ?"

ಅವಿನೊ ಅಳುತ್ತಲೇ ನಕ್ಕಳು. "ಬುದ್ಧಿ ಎಲ್ಲಿತ್ತಮ್ಮ. ನಾನು ಕೂತಿದ್ದು ಕೇಬಲ್ಲಿನ ಮುಂದೆ. ಕೇಬಲ್ಲಿನ ಮುಂದೆ ಕೂತ್ರೆ ಕೈ ತಾನೇ ಅಂಗಡಿ ಉಡುಪು ಹಾಕ್ಬಿಡತ್ತೆ. ಚರ್ಚಿಗೆ ಹೋಗೋವಾಗ ಚಪ್ಪಲಿ ಬಿಟ್ಟು ಶೂ ಹಾಕ್ಕೊಳ್ಳಲ್ವಾ, ಹಂಗೆ."

ಅಕೇಯೊ ನಗಲಿಲ್ಲ. ಒಡೊಂಗೊ ಒಮ್ಮೆಯೂ ಎದ್ದಿಲ್ಲ ಎಂದಿದ್ದ. ಎದ್ದಿದ್ದ. ನ್ಯಾಲೆಂಡಾದಿಂದ ಕೊಂಡೇಲೆಗೆ ಬೈಕಿನಲ್ಲಿ ಹತ್ತು ನಿಮಿಷ, ಬರಲು ಹತ್ತು. ಅವನ ಕೋಣೆಯನ್ನು ಕಾಯುತ್ತದೆಂದು ಅವರು ನಂಬಿದ್ದ ಲೆಕ್ಕವೇ ಈಗ ಕೋಣೆಯ ಬಾಗಿಲನ್ನು ಹಾರು ಹೊಡೆದು ತೆರೆದಿಟ್ಟಿತ್ತು. ಈ ಪುಟವನ್ನು ಸೋಮವಾರ ಕೋರ್ಟಿಗೆ ಕೊಟ್ಟರೆ ಹುಡುಗ ಮುಗಿದ. ಮುಚ್ಚಿಟ್ಟರೆ, ಇಪ್ಪತ್ತೊಂಬತ್ತು ವರ್ಷ ಬೇರೆಯವರ ಮಾತಿಗೆ ಒಂದಕ್ಷರ ಸೇರಿಸದೆ, ಬಿಡದೆ ಬಂದ ಬಾಯಿ ಮೊದಲ ಸಲ ಸುಳ್ಳು ಹೇಳಿದಂತೆ.

ಆದರೂ ಒಂದು ಎಳೆ ಉಳಿದಿತ್ತು.

"ಒಡೊಂಗೊ ಫೋನ್ ಮಾಡಿದಾಗ ದನಿ ಹೇಗಿತ್ತು? ಗಾಬರಿ ಇತ್ತಾ?"

"ಅವನು ಮಾಡ್ಲಿಲ್ಲ."

ಅಕೇಯೊ ಕನ್ನಡಕವನ್ನು ಮತ್ತೆ ಏರಿಸಿದರು.

"ಯಾರೋ ಹೆಂಗಸು," ಎಂದಳು ಅವಿನೊ. "ಒಡೊಂಗೊ ಹೇಳ್ತಿದಾನೆ, ಸ್ವಲ್ಪ ಹೊತ್ತು ಅವನ ಮಗು ಎತ್ಕೊಬೇಕಂತೆ ಅಂದ್ರು. ಅಷ್ಟೇ, ಇಟ್ಬಿಟ್ರು. ನಮ್ಮ ಮಾತು ಗೊತ್ತಿತ್ತಲ್ಲ, ಅದಕ್ಕೆ ನಾನೂ ಕೇಳ್ಲಿಲ್ಲ. ಅವನಿಗ್ಯಾರೋ ಹುಡುಗಿ ಇರ್ಬೇಕು ಅಂದ್ಕೊಂಡೆ." ಅವಳ ದನಿಯಲ್ಲಿ ಸಣ್ಣ ಮುನಿಸಿತ್ತು. ಅವಳು ಇಷ್ಟು ದಿನ ಬಾಯಿ ಬಿಡದೆ ಇದ್ದದ್ದಕ್ಕೆ ಇನ್ನೊಂದು ಕಾರಣವೂ ಇದ್ದಿರಬಹುದೆಂದು ಅಕೇಯೊ ಅವರಿಗೆ ಹೊಳೆಯಿತು.

"ಆ ನಂಬರ್ ಇದೆಯಾ?"

ಇತ್ತು. ಹೆಸರಿಲ್ಲದ ನಂಬರು. ಶನಿವಾರ, ಏಳು ಮೂವತ್ತೇಳು.

ಅಕೇಯೊ ಅವಳ ಕೈಯಿಂದ ಫೋನ್ ತೆಗೆದುಕೊಂಡು ಆ ನಂಬರಿನ ಮೇಲೆ ಹೆಬ್ಬೆರಳಿಟ್ಟರು.

ಹೊರಗೆ, ಬೆಂಚಿನ ಮೇಲೆ, ಒಂದು ಫೋನ್ ಹೊಡೆದುಕೊಂಡಿತು.

ಅಪಿಯೊ ಬಟ್ಟೆಯ ಚೀಲದಿಂದ ಅದನ್ನು ತೆಗೆದಳು. ಪರದೆ ನೋಡಿದಳು. ಎತ್ತಿಕೊಳ್ಳಲಿಲ್ಲ, ಇದು ಯಾರ ನಂಬರೆಂದು ಎರಡನೇ ಸಲ ನೋಡಲೂ ಇಲ್ಲ. ಒತ್ತಿ ನಿಲ್ಲಿಸಿ ಊಟದ ಡಬ್ಬಿಯ ಕೆಳಗೆ ತುರುಕಿದಳು.

ಅಕೇಯೊ ಅವಿನೊಳಿಗೆ ಅಲ್ಲೇ ಇರುವಂತೆ ಸನ್ನೆ ಮಾಡಿ ಹೊರಗೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಮಂಡಿನೋವಿನಿಂದ ಕೂರಲು ಸ್ವಲ್ಪ ಹೊತ್ತು ಹಿಡಿಯಿತು.

"ಸಿಕ್ತಾ ಅಮ್ಮ?" ಎಂದಳು ಅಪಿಯೊ. "ಅವನು ಎದ್ದಿಲ್ಲ ಅಂತ ಬಂತಾ?"

"ಯಾರು ಫೋನ್ ಮಾಡಿದ್ದು?"

ಒಂದು, ಎರಡು, ಮೂರು, ನಾಲ್ಕು, ಐದು.

"ಹಾಡಿನ ಗುಂಪಿನೋರು. ಯಾವಾಗ್ಲೂ ಮಾಡ್ತಿರ್ತಾರೆ."

"ಶನಿವಾರ ಅಭ್ಯಾಸದಲ್ಲಿ ನಿನ್ನ ಫೋನ್ ಎಲ್ಲಿತ್ತು?"

"ಬುಟ್ಟೀಲಿ. ಹೇಳಿದ್ನಲ್ಲಮ್ಮ."

"ಹಾಗಾದ್ರೆ ಆ ಬುಟ್ಟೀಲಿ ಕೈ ಹಾಕಿ ನಿನ್ನ ಫೋನಿಂದ ಅವಿನೊಗೆ 'ಮಗು ಎತ್ಕೊ' ಅಂದಿದ್ದು ಯಾರು?" ಅಕೇಯೊ ಮೆಲ್ಲಗೆ ಕೇಳಿದರು, ಊಟ ಆಯಿತೇ ಎಂದು ಕೇಳುವ ಹಾಗೆ. "ನೀನಲ್ಲ ಅನ್ನು. ನಾನು ನಿಮ್ಮ ಪಾದ್ರಿಯ ಹತ್ರ ಹೋಗಿ, ಆವತ್ತು ಯಾರ್‍ಯಾರು ಹಾಡಿದ್ರು ಅಂತ ಕೇಳ್ತೀನಿ."

ಅಪಿಯೊ ಡಬ್ಬಿಯ ಮುಚ್ಚಳವನ್ನು ಒತ್ತಿದಳು. ಅದು ಮೊದಲೇ ಗಟ್ಟಿಯಾಗಿ ಮುಚ್ಚಿತ್ತು. ರಸ್ತೆಯಾಚೆ ಒಂದು ಮಟಾಟು ವ್ಯಾನು ನಿಂತು ಜನರನ್ನು ತುಂಬಿಕೊಂಡು ಹೊರಟಿತು. ಅಕೇಯೊ ಎಣಿಸುವುದನ್ನು ಬಿಟ್ಟಿದ್ದರು.

"ನಾನು ಕರೆದಿದ್ದಕ್ಕೆ ಅವನು ಒಗೊಲಾನ ಅಂಗಡಿಗೆ ಬಂದಿದ್ದು," ಎಂದಳು ಅಪಿಯೊ ಕೊನೆಗೆ. "ಆಟ ಬಿಟ್ಟು ಬರಕ್ಕಾಗಲ್ಲ, ಎಲ್ಲರಿಗೂ ಗೊತ್ತಾಗತ್ತೆ ಅಂದ. ಆಮೇಲೆ, ನಾನು ಹೊರಡ್ತೀನಿ, ನೀನು ಅವಿನೊಗೆ ಹೇಳು ಅಂತ ಅವನೇ ನಂಬರ್ ಕೊಟ್ಟ, ಮಾತೂ ಹೇಳ್ಕೊಟ್ಟ. ಅವನು ಏನೂ ಮಾಡಿಲ್ಲಮ್ಮ. ನನ್ನನ್ನ ಅಲ್ಲಿಂದ ಎಬ್ಬಿಸಿ ಕರ್ಕೊಂಡು ಹೋದ, ಅಷ್ಟೇ. ಆಗ್ಲೇ ಟೋಪಿ ಬಿದ್ದಿರ್ಬೇಕು. ಈಗ ನಾನು ಪೊಲೀಸರ ಮುಂದೆ ನನ್ನ ಹೆಸರು ಎತ್ತಿದ್ರೆ ಊಟ ಮುಟ್ಟಲ್ಲ ಅಂತ ಕೂತಿದಾನೆ. ಅವನು ಬರೋ ಹೊತ್ತಿಗೆ ಒಗೊಲಾ ಬಿದ್ದಾಗಿತ್ತು."

ಒಳಗೆ ಯಂತ್ರ ಮತ್ತೆ ಮುದ್ರಿಸಲು ಶುರುಮಾಡಿತು. ಯಾರದೋ ಮುಖ ಒಂದರ ಮೇಲೊಂದು ಬೀಳುತ್ತಿತ್ತು.

ಅಕೇಯೊ ಅವಳ ಮುಖ ನೋಡಲಿಲ್ಲ. ಡಬ್ಬಿಯ ಮೇಲಿದ್ದ ಅವಳ ಕೈ ನೋಡುತ್ತಾ ಕೇಳಿದರು.

"ನೀನು ಹೋದಾಗ ಒಗೊಲಾ ಬಿದ್ದಿದ್ನಾ, ನಿಂತಿದ್ನಾ?"

ಕೋರ್ಟಿನ ಚಟ ತಾನಾಗಿಯೇ ಎದ್ದುಬಂತು. ಒಂದು. ಎರಡು.

"ನಿಂತಿದ್ದ," ಎಂದಳು ಅಪಿಯೊ.